ಶನಿವಾರ ರಾತ್ರಿಯ ಬಿಳಿ ಶೂ: 'ಈಗಲೇ ಬೇಕು' ಅನ್ನುವ ಮನಸ್ಸಿಗೆ ಕಾಯೋದು ಕಲಿಸುವ ಬಗೆ

ಎರಡು ವರ್ಷದ ಹಿಂದೆ ಒಂದು ಶನಿವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ನಾನು 2,799 ರೂಪಾಯಿ ಕೊಟ್ಟು ಒಂದು ಜೊತೆ ಬಿಳಿ ಶೂ ಆರ್ಡರ್ ಮಾಡಿದೆ. ನಾನಿರುವುದು ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ, ಒಂದು ಕಾಫಿ ತೋಟದಲ್ಲಿ. ಕೆಲಸ ರೈಟರ್, ಅಂದರೆ ತೋಟದ ಹಾಜರಿ, ಲೆಕ್ಕ ಬರೆಯುವವನು. ವರ್ಷದಲ್ಲಿ ಆರು ತಿಂಗಳು ಕಾಲಿಗೆ ಗಂಬೂಟು, ಇನ್ನಾರು ತಿಂಗಳು ಕೆಂಪು ಧೂಳು. ಬಿಳಿ ಶೂ ಹಾಕಿಕೊಂಡು ಹೋಗಬಹುದಾದ ಜಾಗ ಅಂದರೆ ಭಾನುವಾರದ ಚರ್ಚ್ ಒಂದೇ. ಅಲ್ಲೂ ಅದನ್ನು ಹೊರಗೆ ಬಿಚ್ಚಿಟ್ಟೇ ಒಳಗೆ ಹೋಗಬೇಕು.

ಆರ್ಡರ್ ಒತ್ತಿದ ಮೇಲೆ ಐದು ನಿಮಿಷ ಖುಷಿಯಾಗಿದ್ದೆ. ಆರನೇ ನಿಮಿಷಕ್ಕೆ ಶೂಗೆ ಹೊಂದುವ ಪ್ಯಾಂಟ್ ಹುಡುಕುತ್ತಿದ್ದೆ.

ಶೂ ಬಿಡಿ, ಅದು ಸಣ್ಣದು. ಆದರೆ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್, ಸಕ್ಕರೆ ಜಾಸ್ತಿ ಇದೆ ಅಂತ ಗೊತ್ತಿದ್ದೂ ಸಂಜೆಯ ಎರಡನೇ ಬೇಕರಿ ತಿಂಡಿ, ಸಿಟ್ಟು ಬಂದ ತಕ್ಷಣ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಬೆಳಿಗ್ಗೆ ಅಳಿಸುವುದು, ಇವೆಲ್ಲ ಒಂದೇ ಕಾಯಿಲೆ ಅಂತ ನನಗೆ ನಿಧಾನಕ್ಕೆ ಅರ್ಥವಾಯಿತು. ಆಮೇಲಿನ ಒಂದೂವರೆ ವರ್ಷದಲ್ಲಿ ಏನು ಮಾಡಿ ನೋಡಿದೆ, ಯಾವುದು ಕೈ ಹಿಡಿಯಿತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಥೋಲಿಕ. ಹಾಗಾಗಿ ಜಪಸರ, ಪೂಜೆ, ಪಾಪನಿವೇದನೆ (ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು) ಎಲ್ಲ ಬರುತ್ತದೆ. ಸಿ.ಎಸ್.ಐ.ನವರು (ದಕ್ಷಿಣ ಭಾರತ ಸಭೆ), ಬೇರೆ ಕ್ರೈಸ್ತ ಸಭೆಗಳವರು ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ.

ಶುರು ಮಾಡುವ ಮೊದಲು

ಕಾಯೋದು ಗಟ್ಟಿ ಮನಸ್ಸಿನವರ ಕೆಲಸ ಅಂತ ನಾವೆಲ್ಲ ನಂಬಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ, ನನ್ನದು ಮೆತ್ತನೆಯ ಮನಸ್ಸು ಅಂತ ಕೈಚೆಲ್ಲಿ ಕೂತಿದ್ದೆ.

ಮಕ್ಕಳ ಮುಂದೆ ಮಿಠಾಯಿ ಇಟ್ಟು ಮಾಡಿದ ಪರೀಕ್ಷೆ ನೀವೂ ಕೇಳಿರಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ಆಸುಪಾಸಿನಲ್ಲಿ ಮಾಡಿದ್ದು. ಈಗಲೇ ತಿಂದರೆ ಒಂದು, ನಾನು ವಾಪಸ್ ಬರುವವರೆಗೆ ಕಾದರೆ ಎರಡು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಅಂತ ದೊಡ್ಡ ಸುದ್ದಿಯಾಯಿತು. ಆಮೇಲೆ 2018ರಲ್ಲಿ ಜಾಸ್ತಿ ಮಕ್ಕಳನ್ನು ಇಟ್ಟುಕೊಂಡು ನೋಡಿದಾಗ, ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿದರೆ ಆ ವ್ಯತ್ಯಾಸ ತುಂಬಾ ಕಡಿಮೆ ಅಂತ ಗೊತ್ತಾಯಿತು. ನನ್ನ ತಲೆಯಲ್ಲಿ ಕೂತಿದ್ದು ಇವೆರಡರ ನಡುವೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಪರೀಕ್ಷೆ. ಅಲ್ಲಿ ಮಿಠಾಯಿ ಇಡುವ ಮೊದಲು ಮಕ್ಕಳಿಗೆ 'ಇದಕ್ಕಿಂತ ಒಳ್ಳೆ ಬಣ್ಣ ತಂದುಕೊಡ್ತೀನಿ, ಇರು' ಅಂತ ಹೇಳಿ ಹೋದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಲಿ ಬಂದು 'ಸಾರಿ, ಇಲ್ಲ' ಅಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು 3 ನಿಮಿಷ.

ಅಂದರೆ ಆ ಮಕ್ಕಳು ಕಾಯಲು ಬಾರದವರೇನೂ ಆಗಿರಲಿಲ್ಲ. ಹೇಳಿದವರ ಮೇಲೆ ನಂಬಿಕೆ ಹೋಗಿತ್ತು, ಅಷ್ಟೆ.

ತೋಟದಲ್ಲಿ ಇರೋರಿಗೆ ಇದು ಹೊಸ ವಿಷಯ ಏನಲ್ಲ. ಹೊಸ ಗಿಡ ಇಟ್ಟವರು ಮೂರು ನಾಲ್ಕು ವರ್ಷ ಫಸಲನ್ನೇ ಕಾಣದೆ ಗೊಬ್ಬರ ಹಾಕುತ್ತಾರೆ. ಗಿಡ ದೊಡ್ಡದಾದ ಮೇಲೂ ರೋಬಸ್ಟಾ ಹೂವಾಗಿ ಹಣ್ಣಾಗಲು 10-11 ತಿಂಗಳು ಬೇಕು. ಹಾಗೆ ಕಾದವರನ್ನು ಯಾರೂ 'ಅಬ್ಬಾ, ಎಂಥಾ ಮನೋಬಲ' ಅಂತ ಹೊಗಳುವುದಿಲ್ಲ. ಗಿಡ ಮೋಸ ಮಾಡಲ್ಲ ಅಂತ ಅವರಿಗೆ ಗೊತ್ತು. ಬೈಬಲ್ಲಿನಲ್ಲಿ ಯಾಕೋಬ ತನ್ನ ಪತ್ರದ 5ನೇ ಅಧ್ಯಾಯದಲ್ಲಿ ತಾಳ್ಮೆಗೆ ಉದಾಹರಣೆ ಕೊಡುವಾಗ ಮುಂಗಾರು ಹಿಂಗಾರು ಮಳೆಗೆ ಕಾಯುವ ರೈತನನ್ನೇ ತೋರಿಸುತ್ತಾನೆ.

ಈಗ ಏಸಾವನ ಕಥೆ ನೋಡಿ. ಬೇಟೆಯಿಂದ ದಣಿದು ಬಂದ, ತಮ್ಮ ಅಡುಗೆ ಮಾಡುತ್ತಿದ್ದ, ಒಂದು ಊಟಕ್ಕೆ ಚೊಚ್ಚಲತನದ ಹಕ್ಕನ್ನೇ ಮಾರಿಬಿಟ್ಟ (ಆದಿಕಾಂಡ 25). ಹೊಟ್ಟೆಬಾಕ ಅಂತ ಅವನನ್ನು ಬೈಯುವುದು ಸುಲಭ. ಆದರೆ ಅವನು ಕೊಟ್ಟ ಕಾರಣ ಓದಿ: ನಾನೇ ಸಾಯುತ್ತಿದ್ದೇನೆ, ಈ ಹಕ್ಕು ಇಟ್ಟುಕೊಂಡು ಏನು ಮಾಡಲಿ ಅಂತಾನೆ. ಒಂದು ಹೊತ್ತು ತಡವಾದರೆ ಯಾರೂ ಸಾಯಲ್ಲ, ಅಲ್ವಾ? ನಾಳೆ ಅನ್ನೋದೊಂದು ಇದೆ, ಅಪ್ಪನ ಮನೆಯ ಆಶೀರ್ವಾದ ಇದೆ ಅನ್ನುವ ನಂಬಿಕೆಯೇ ಆ ಹೊತ್ತಿಗೆ ಅವನಲ್ಲಿ ಇರಲಿಲ್ಲ. ಆ ಶನಿವಾರ ರಾತ್ರಿ ನನ್ನಲ್ಲೂ ಇರಲಿಲ್ಲ.

ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಹಲ್ಲು ಕಚ್ಚಿಕೊಂಡು ಮಾಡುವ ವ್ಯಾಯಾಮ ಅಂತ ನೋಡಬೇಡಿ. ದೇವರ ಮೇಲಿನ ನಂಬಿಕೆ ದಿನದ ಸಣ್ಣ ಸಣ್ಣ ಕೆಲಸಕ್ಕೆ ಇಳಿಯಬೇಕು, ಅದಕ್ಕೆ ಇವು.

1. ಮೊದಲು ಲೆಕ್ಕ ಬರೆಯಿರಿ

ಸಂತ ಇಗ್ನೇಷಿಯಸ್ ಲೊಯೋಲಾ ಸನ್ಯಾಸಿಯಾಗುವ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ತೋಪಿನ ಗುಂಡು ತಗಲಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದರು. ಹೊತ್ತು ಹೋಗಲು ಹಗಲುಗನಸು. ದೊಡ್ಡ ವೀರನಾಗಿ ಮೆರೆಯುವ ಕನಸು ಕಂಡಾಗ ಆ ಕ್ಷಣಕ್ಕೆ ಹಿತವಾಗುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ. ಸಂತರ ಹಾಗೆ ಬದುಕುವ ಕನಸು ಕಂಡಾಗಲೂ ಹಿತ, ಆದರೆ ಅದು ಮುಗಿದ ಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಅವರ ಬದುಕಿನ ತಿರುವು. ಮುಂದೆ ಅವರು ದಿನಕ್ಕೆ ಎರಡು ಸಲ ತನ್ನನ್ನೇ ಪರಿಶೀಲಿಸಿಕೊಂಡು, ಬಿದ್ದಷ್ಟು ಸಲ ಗೆರೆಯ ಮೇಲೆ ಚುಕ್ಕಿ ಇಡುವ ಪದ್ಧತಿ ಹೇಳಿಕೊಟ್ಟರು. ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಚುಕ್ಕಿ ಹೋಲಿಸಿ ನೋಡಬೇಕು.

ನನಗೆ ಇದು ತಕ್ಷಣ ಹಿಡಿಸಿತು. ಯಾಕೆಂದರೆ ಇಡೀ ದಿನ ನಾನು ಮಾಡುವುದೇ ಅದು, ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ ಹಾಕುವುದು. ಒಂದು ಹಳೇ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆ ತೆಗೆದುಕೊಂಡೆ. ಹೆಸರಿನ ಜಾಗದಲ್ಲಿ 'ಶಾಪಿಂಗ್', 'ರೀಲ್ಸ್', 'ಬೇಕರಿ', 'ಬಾಯಿ'. ಬಾಯಿ ಅಂದರೆ ಸಿಟ್ಟಿನ ಮಾತು. ಪಕ್ಕದಲ್ಲಿ ಎರಡು ಕಾಲಂ: ಆಸೆ ಬಂದ ಸಮಯ, ಮತ್ತು ಒಂದು ಗಂಟೆ ಆದಮೇಲೆ ಹೇಗನಿಸಿತು.

ರಾತ್ರಿ ಐದು ನಿಮಿಷ ಸಾಕು. ಮೊದಲು ದಿನದ ಒಳ್ಳೆಯದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿ, ಅದನ್ನು ಬಿಟ್ಟು ನೇರ ತಪ್ಪಿನ ಪಟ್ಟಿಗೆ ಹೋಗಬೇಡಿ. ಆಮೇಲೆ ಬೆಳಕು ಕೊಡು ಅಂತ ಕೇಳಿ, ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೋಡಿ, ಕ್ಷಮೆ ಕೇಳಿ, ನಾಳೆಗೆ ಒಂದು ತೀರ್ಮಾನ ಮಾಡಿ ಮಲಗಿ.

ನಾಲ್ಕು ವಾರದಲ್ಲಿ ನನ್ನ ಹಾಳೆ ಏನು ಹೇಳಿತು ಗೊತ್ತಾ? ಚುಕ್ಕಿಗಳೆಲ್ಲ ಶನಿವಾರದ ಸುತ್ತಲೇ ಮುತ್ತಿಕೊಂಡಿದ್ದವು. ನಮ್ಮಲ್ಲಿ ಶನಿವಾರ ಬಟವಾಡೆ. ಸಂಜೆಯವರೆಗೆ ಅರವತ್ತು ಜನಕ್ಕೆ ಕೂಲಿ ಎಣಿಸಿ ಕೊಟ್ಟು, ಅರ್ಧ ದಿನ, ಮುಕ್ಕಾಲು ದಿನ ಅಂತ ಮೂರು ಜನರ ಹತ್ತಿರ ಜಗಳ ಆಡಿ, ತಲೆ ಕಾದು ಮನೆಗೆ ಬಂದು ಕೂತಾಗ 'ನನಗೂ ಏನಾದರೂ ಬೇಕು' ಅನಿಸುತ್ತಿತ್ತು. ಇಡೀ ದಿನ ಬೇರೆಯವರ ಕೈಗೆ ದುಡ್ಡು ಹಾಕಿದವನು ರಾತ್ರಿ ತನ್ನ ಕೈಗೂ ಏನೋ ಹಾಕಿಕೊಳ್ಳುತ್ತಿದ್ದ. ಶೂ ಬೇಕಾಗಿರಲಿಲ್ಲ ನನಗೆ. ಯಾರಾದರೂ 'ಸುಸ್ತಾಯ್ತಾ' ಅಂತ ಕೇಳಬೇಕಾಗಿತ್ತು.

ನಿಮ್ಮ ಶನಿವಾರ ಯಾವುದು ಅಂತ ಹುಡುಕಿ. ಅದು ಸಿಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಒಂದು ತಿಂಗಳಾದರೂ ಪರವಾಗಿಲ್ಲ.

2. ಹೊಟ್ಟೆ ತುಂಬಿದಾಗ ತೀರ್ಮಾನ ಮಾಡಿ

ಇದೂ ಇಗ್ನೇಷಿಯಸ್ ಅವರದ್ದೇ. ಮುಂದಿನ ಊಟಕ್ಕೆ ಎಷ್ಟು ತಿನ್ನಬೇಕು ಅಂತ ಹಸಿವಿಲ್ಲದ ಹೊತ್ತಿನಲ್ಲಿ, ಅಂದರೆ ಈ ಊಟ ಮುಗಿದ ಮೇಲೆ ನಿಗದಿ ಮಾಡಿಕೊಳ್ಳಿ, ಹಸಿವಾದಾಗ ಅದನ್ನು ಮೀರಬೇಡಿ ಅಂದರು. ಸುಮಾರು ಐನೂರು ವರ್ಷದ ಹಿಂದಿನ ಮಾತು, ಶಾಪಿಂಗ್ ಆಪ್‌ಗೆ ಅಂತಲೇ ಹೇಳಿದ ಹಾಗಿದೆ.

ನಾನು ಭಾನುವಾರ ಪೂಜೆ ಮುಗಿಸಿ ಬಂದು, ಇಡ್ಲಿ ತಿಂದು, ಒಂದು ಚೀಟಿಯಲ್ಲಿ ಆ ವಾರ ಏನೇನು ಕೊಳ್ಳಬೇಕು ಅಂತ ಬರೆಯುತ್ತೇನೆ. ಚೀಟಿಯಲ್ಲಿ ಇಲ್ಲದ್ದು ಮುಂದಿನ ಭಾನುವಾರದವರೆಗೆ ಇಲ್ಲ. ಗ್ಯಾಸ್, ಔಷಧಿ ಬೇರೆ ಮಾತು. ಬೇಕು ಅನಿಸಿದ್ದನ್ನು ಚೀಟಿಯ ಹಿಂದೆ ಬರೆದಿಡಿ. ಮುಂದಿನ ಭಾನುವಾರ ಆ ಪಟ್ಟಿ ಓದಿದರೆ ನಗು ಬರುತ್ತದೆ. ನನ್ನ ಪಟ್ಟಿಯಲ್ಲಿ ಒಂದು ಸಲ 'ಬೈನಾಕ್ಯುಲರ್' ಅಂತ ಇತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

3. ಆಸೆ ಬಂದ ಕ್ಷಣಕ್ಕೆ ಒಂದು ಸಾಲು

ಆಸೆ ಬಂದಾಗ ದೊಡ್ಡ ಪ್ರಾರ್ಥನೆ ನೆನಪಿಗೆ ಬರಲ್ಲ. ಒಂದು ಸಾಲು ಮೊದಲೇ ರೆಡಿ ಇರಬೇಕು. ಸುಮಾರು 1,600 ವರ್ಷದ ಹಿಂದೆ ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳು ಇದಕ್ಕೆ ಅಂತ ಬೈಬಲ್ಲಿನ 70ನೇ ಕೀರ್ತನೆಯ ಮೊದಲ ವಚನ ಇಟ್ಟುಕೊಂಡಿದ್ದರು ಅಂತ ಆ ಕಾಲದ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿದ್ದಾರೆ. ದೇವರೇ, ನನ್ನ ನೆರವಿಗೆ ಬಾ, ಬೇಗ ಬಾ ಅನ್ನುವ ಅರ್ಥದ ಸಾಲು. ಹೊಟ್ಟೆ ಹಸಿದಾಗ, ನಿದ್ದೆ ಬಾರದಾಗ, ಸಿಟ್ಟು ಬಂದಾಗ, ಎಲ್ಲದಕ್ಕೂ ಇದೊಂದೇ. ತಾಳ್ಮೆ ಕಲಿಸುವ ಪ್ರಾರ್ಥನೆಯೇ 'ಬೇಗ ಬಾ' ಅನ್ನುತ್ತದೆ ನೋಡಿ. ಆತುರಪಡಲು ನಮಗೆ ಒಂದು ಜಾಗ ಬಿಟ್ಟುಕೊಟ್ಟಿದ್ದಾರೆ.

ಆ ಸಾಲು ಹೇಳಿದ ಮೇಲೆ ಕೈ ಜಪಸರಕ್ಕೆ ಹೋಗಲಿ. ಹತ್ತು 'ನಮೋ ಮರಿಯಾ' ಹೇಳಲು ಮೂರು ನಾಲ್ಕು ನಿಮಿಷ ಸಾಕು. ಜಪಸರದ ಅಭ್ಯಾಸ ಇಲ್ಲದವರು 23ನೇ ಕೀರ್ತನೆ ನಿಧಾನಕ್ಕೆ ಹೇಳಿ. ಅದರ ಮೊದಲ ವಚನದಲ್ಲೇ 'ಕೊರತೆಪಡೆನು' ಅನ್ನುವ ಪದ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಫೋನ್ ಪರದೆಯ ಮೇಲೆ 'ಇನ್ನು 2 ಮಾತ್ರ ಉಳಿದಿವೆ' ಅಂತ ಕೆಂಪಕ್ಷರ ಮಿನುಗುತ್ತಿರುವಾಗ ಆ ಒಂದು ಪದ ಹೇಳಿ ನೋಡಿ.

ಆಸೆ ಹೋಗುತ್ತದಾ? ಎಷ್ಟೋ ಸಲ ಹೋಗಲ್ಲ. ಆದರೆ ಅದರ ಬಿಸಿ ಕಡಿಮೆಯಾಗುತ್ತದೆ. ಮೂರು ನಿಮಿಷ ಆದಮೇಲೂ ಬೇಕು ಅನಿಸಿದರೆ ಚೀಟಿಯ ಹಿಂದೆ ಬರೆಯಿರಿ, ಎದ್ದು ಹೋಗಿ.

4. ನಿಮ್ಮ ಕೈಗೇ ಸಿಗದ ಹಾಗೆ ಇಡಿ

ನಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಒಂದು ಬಟವಾಡೆಯ ದಿನ ಹೆಬ್ಬೆಟ್ಟು ಒತ್ತಿ, ದುಡ್ಡು ಎಣಿಸಿ, ಅದರಲ್ಲಿ ಎರಡು ನೂರರ ನೋಟು ತೆಗೆದು ವಾಪಸ್ ನನ್ನ ಮೇಜಿನ ಮೇಲೆ ಇಟ್ಟರು.

"ರೈಟ್ರೇ, ಇದು ನಿಮ್ಮತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡಿ."

"ನಿಮ್ಮ ದುಡ್ಡು, ನೀವು ಕೇಳಿದ್ರೆ ಹೇಗಕ್ಕಾ ಕೊಡದೇ ಇರೋದು?"

"ಬೈರಿ ನನ್ನ. ಜೂನ್‌ಗೆ ಮಗಳ ಸ್ಕೂಲು. ಅಲ್ಲೀವರ್ಗೂ ಕೊಡ್ಬೇಡಿ."

ಪ್ರತಿ ವಾರ ಹೀಗೇ. ಏಪ್ರಿಲ್‌ನಲ್ಲಿ ಊರಹಬ್ಬದ ಹಿಂದಿನ ದಿನ ಬಂದು ಕೇಳಿಯೇ ಬಿಟ್ಟರು. ನಾನು ಕೊಡಲಿಲ್ಲ. ಚೆನ್ನಾಗಿ ಬೈಸಿಕೊಂಡೆ. ಸೋಮವಾರ ಕೆಲಸಕ್ಕೆ ಬಂದಾಗ ಏನೂ ಆಗದವರ ಹಾಗೆ ನಕ್ಕು ಹೋದರು.

ನನಗೆ ನಾಚಿಕೆಯಾಯಿತು. ಪಿಯುಸಿ ಓದಿದವನು ನಾನು, ಲೆಕ್ಕ ಇಡುವವನು ನಾನು. ಆದರೆ ತನ್ನ ಕೈಯನ್ನು ಎಷ್ಟು ನಂಬಬಹುದು ಅನ್ನೋ ಲೆಕ್ಕ ಆ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 10:13ರಲ್ಲಿ, ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಅಂತ ಪೌಲ ಹೇಳುತ್ತಾನೆ. ಆ ದಾರಿ ಆಕಾಶದಿಂದ ಇಳಿಯುತ್ತದೆ ಅಂತ ನಾನು ಕಾಯುತ್ತಿದ್ದೆ. ಎಷ್ಟೋ ಸಲ ಅದು ಅಡುಗೆಮನೆಯಲ್ಲಿ ಇರುತ್ತದೆ. ಯಜಮಾನನ ಹೆಂಡತಿ ಹಾಸಿಗೆಗೆ ಕರೆದಾಗ ಯೋಸೇಫನೂ (ಆದಿಕಾಂಡ 39) ಕೊನೆಗೆ ವಾದ ಮಾಡುತ್ತಾ ನಿಲ್ಲಲಿಲ್ಲ, ಮೈಮೇಲಿನ ಬಟ್ಟೆ ಬಿಟ್ಟು ಓಡಿದ.

ಈಗ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಫೋನ್ ಅಕ್ಕಿ ಡಬ್ಬದ ಮೇಲೆ ಹೋಗುತ್ತದೆ. ಬೆಳಿಗ್ಗೆ ಏಳಲು ಸಂತೆಯಲ್ಲಿ ಕೊಂಡ ಅಲಾರಂ ಗಡಿಯಾರ ಇದೆ. ಶಾಪಿಂಗ್ ಆಪ್ ತೆಗೆದುಹಾಕಿದೆ, ಅದರಲ್ಲಿದ್ದ ಕಾರ್ಡ್ ವಿವರವನ್ನೂ ಅಳಿಸಿದೆ. 'ಈಗ ಕೊಳ್ಳಿ, ಆಮೇಲೆ ಕಟ್ಟಿ' ಅನ್ನುವ ಸಾಲ ಮುಚ್ಚಿದೆ. ಮತ್ತೆ ಹೆಂಡತಿಗೆ ಎಲ್ಲ ಹೇಳಿದೆ, ಶೂ ಬೆಲೆ ಸಮೇತ. ಈ ಕೊನೆಯದ್ದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದೂ ಅದೇ. ಶನಿವಾರ ಈಗ ಅವಳೇ ಕೇಳುತ್ತಾಳೆ, ಸುಸ್ತಾಯ್ತಾ ಅಂತ.

5. ಸಣ್ಣದೊಂದು ಉಪವಾಸ

ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ತೆಗೆದುಕೊಳ್ಳುವ ಒಂದು ಗಂಟೆ ಮೊದಲು ನೀರು, ಔಷಧಿ ಬಿಟ್ಟು ಏನೂ ತಿನ್ನಬಾರದು ಅನ್ನೋದು ನಮ್ಮ ಸಭೆಯ ನಿಯಮ. ಒಂದೇ ಗಂಟೆ. ಅದನ್ನು ಗಡಿಯಾರ ನೋಡಿ ಮುಗಿಸುವ ಬದಲು ಬೇಕಂತಲೇ ಪಾಲಿಸಿ. ಏನಕ್ಕೆ ಕಾಯುತ್ತಿದ್ದೇನೆ ಅಂತ ಗೊತ್ತಿದ್ದು ಕಾಯುವ ಗಂಟೆ ಅದು.

ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18ರಿಂದ 59 ವರ್ಷದವರಿಗೆ: ಒಂದು ಪೂರ್ತಿ ಊಟ, ಇನ್ನೆರಡು ಸಲ ಸ್ವಲ್ಪ. ಮಿಕ್ಕ ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ನಿಮ್ಮದೇ ಒಂದನ್ನು ಆರಿಸಿಕೊಳ್ಳಿ. ಒಂದೇ. ಟೀ, ರೀಲ್ಸ್, ಮಾಂಸ, ಸಿನಿಮಾ ಎಲ್ಲ ಒಟ್ಟಿಗೆ ಬಿಟ್ಟವರು ಎರಡನೇ ವಾರಕ್ಕೆ ಎಲ್ಲವನ್ನೂ ಒಟ್ಟಿಗೆ ಹಿಡಿದದ್ದನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಸಕ್ಕರೆ ಕಾಯಿಲೆ ಇರೋರು, ಬಸುರಿಯರು ಊಟದ ಉಪವಾಸಕ್ಕೆ ಕೈ ಹಾಕಬೇಡಿ, ಫೋನ್ ಬಿಡಿ ಸಾಕು.

ತಪಸ್ಸುಕಾಲ ನಮ್ಮ ಕಡೆ ಹೂಮಳೆಯ ಕಾಲವೂ ಹೌದು. ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮನ್ನುತ್ತದೆ. ಆ ಮಳೆಯನ್ನು ಯಾರೂ ಆರ್ಡರ್ ಮಾಡಲು ಆಗಲ್ಲ. ಸ್ಪ್ರಿಂಕ್ಲರ್ ಇದ್ದವರು ಮಾಡುತ್ತಾರೆ ಅನ್ನಿ, ಆದರೂ ಆಕಾಶ ನೋಡುವುದನ್ನು ಅವರೂ ಬಿಟ್ಟಿಲ್ಲ.

ಇನ್ನೊಂದು ಮಾತು. ಬಿಟ್ಟದ್ದರಿಂದ ಉಳಿದ ದುಡ್ಡು ನಿಮ್ಮ ಜೇಬಿನಲ್ಲಿ ಉಳಿಯಬಾರದು. ಯೇಸು ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೆ ಹೇಳುತ್ತಾನೆ. ನಲವತ್ತು ದಿನ ಬೇಕರಿ ಬಿಟ್ಟು ಆ ದುಡ್ಡಲ್ಲಿ ಈಸ್ಟರ್‌ಗೆ ಹೆಡ್‌ಫೋನ್ ಕೊಂಡರೆ ಅದು ಉಪವಾಸ ಅಲ್ಲ, ಕಂತು ಕಟ್ಟಿದ ಹಾಗೆ. ಕೊಟ್ಟುಬಿಡಿ. ಯಾರಿಗೆ ಅಂತ ಯಾರಿಗೂ ಹೇಳಬೇಡಿ.

6. ಪ್ರಾರ್ಥನೆಯೇ ಇನ್‌ಸ್ಟಂಟ್ ಆಗಬಾರದು

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. 'ಈ ಪ್ರಾರ್ಥನೆ ಹತ್ತು ಜನಕ್ಕೆ ಕಳಿಸಿ, ಇವತ್ತು ಸಂಜೆಯೊಳಗೆ ಶುಭವಾರ್ತೆ' ಅಂತ ದಿನಾ ಮೂರು ಮೆಸೇಜ್ ಬರುತ್ತದೆ. ಏಳು ದಿನದಲ್ಲಿ ಸಾಲ ತೀರುತ್ತದೆ ಅನ್ನುವ ಬೋಧಕರೂ ಇದ್ದಾರೆ. ಬಟನ್ ಒತ್ತಿದರೆ ಶೂ ಬರುವ ಹಾಗೆ ಜಪ ಒತ್ತಿದರೆ ಕೆಲಸ ಬರಬೇಕು. ಬರದಿದ್ದರೆ ಬೇರೆ ಸಂತರು, ಬೇರೆ ಪ್ರಾರ್ಥನಾಕೂಟ. ನಾವು ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದೇವೋ ಅದೇ ರೋಗ ಮದ್ದಿನ ಬಾಟಲಿಯಲ್ಲೂ ಇದೆ.

ನಾನೇನು ಸಾಚಾ ಅಲ್ಲ. ಒಂದು ಬೇಸಿಗೆಯಲ್ಲಿ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ನೋಡಲು ಮನೆಯವರೆಲ್ಲ ಹೋಗಿದ್ದೆವು. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚ್ ಅದು. ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬರಿಗೋಡೆಯಾಗಿ ನಿಲ್ಲುತ್ತದೆ. ಕಮಾನಿನ ಕೆಳಗೆ ನಿಂತು ನಲವತ್ತು ಫೋಟೋ ತೆಗೆದೆ. ವಾಪಸ್ ಬರುವಾಗ ಬೇಲೂರು ದಾಟಿದ ಮೇಲೆ ಹೊಳೆಯಿತು, ಅಲ್ಲಿ ಒಂದು ಶಿಲುಬೆ ಗುರುತೂ ಹಾಕಿರಲಿಲ್ಲ.

ಹಾಗಾದರೆ ಹೇಗೆ ಪ್ರಾರ್ಥಿಸೋದು? ದಿನಕ್ಕೆ ಹದಿನೈದು ನಿಮಿಷ ಸುಮ್ನೆ ಕೂರಿ. ಏನೂ ಕೇಳಬೇಡಿ. ಹತ್ತನೇ ನಿಮಿಷಕ್ಕೆ ಬೇಜಾರಾಗಿ ಏಳಬೇಕು ಅನಿಸುತ್ತದೆ. ಆಗ ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೊತ್ತು ಜಾಸ್ತಿ ಕೂರಿ ಅಂತಾರೆ ಇಗ್ನೇಷಿಯಸ್. ಹದಿನೈದಕ್ಕೆ ಇನ್ನೊಂದು ನಿಮಿಷ ಸೇರಿಸಿ. ಈ ಒಂದು ನಿಮಿಷ ನನಗೆ ಎಲ್ಲ ಉಪವಾಸಕ್ಕಿಂತ ಜಾಸ್ತಿ ಕಲಿಸಿದೆ. ಬೇಜಾರು ಬಂದರೆ ಸಾಯಲ್ಲ ಅಂತ ಮೈಗೆ ಗೊತ್ತಾಗುವುದು ಅಲ್ಲೇ.

ಕೇಳಬೇಕಾದದ್ದನ್ನು ಕೇಳಿ, ಬೇಡ ಅನ್ನಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೂ 'ಈ ಕಷ್ಟದ ಪಾತ್ರೆ ನನ್ನಿಂದ ಸರಿಯಲಿ' ಅಂತ ಒಂದೇ ಮಾತನ್ನು ಮೂರು ಸಲ ಕೇಳಿದ, ಆ ಪಾತ್ರೆ ಸರಿದು ಹೋಗಲಿಲ್ಲ. ನಾವು ದಿನಾ ಹೇಳುವ ಪರಲೋಕ ಪ್ರಾರ್ಥನೆಯಲ್ಲಿ ಕೇಳುವುದೂ ಆ ದಿನದ ಆಹಾರವನ್ನು ಮಾತ್ರ. ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ, ಮನ್ನವೂ ಹಾಗೇ. ನಾಳೆಗೆ ಅಂತ ಎತ್ತಿಟ್ಟವರ ಮನೆಯಲ್ಲಿ ಹುಳ ಬಿತ್ತು. ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಹಿಂದಿನ ದಿನ ಮಾತ್ರ ಎರಡು ಪಾಲು (ವಿಮೋಚನಕಾಂಡ 16). ನಾಳೆಯೂ ಕೊಡುತ್ತಾನೆ ಅಂತ ನಂಬಿ ಮಲಗುವುದನ್ನು ಅವರು ನಲವತ್ತು ವರ್ಷ ಕಲಿತರು.

7. ಬಿದ್ದಾಗ

ಬೀಳುತ್ತೀರಿ. ನಾನು ಹೋದ ತಿಂಗಳೂ ಬಿದ್ದೆ.

ಬಿದ್ದ ರಾತ್ರಿ ಮನಸ್ಸು 'ಹೇಗೂ ಕೆಟ್ಟಾಯ್ತು, ಇವತ್ತೊಂದು ದಿನ ಪೂರ್ತಿ ನೋಡೇ ಬಿಡೋಣ' ಅನ್ನುತ್ತದೆ. ಮೊದಲ ಚುಕ್ಕಿಗಿಂತ ಅಪಾಯ ಈ ಎರಡನೆಯದ್ದು. ತಕ್ಷಣ ಚುಕ್ಕಿ ಇಟ್ಟು ಎದ್ದುಬಿಡಿ. ನಾನು ಪಾಪನಿವೇದನೆಯಲ್ಲಿ ಒಂದೇ ವಿಷಯವನ್ನು ಐದಾರು ಸಲ ಹೇಳಿದ್ದೇನೆ. ಒಂದು ಸಲ ನಾಚಿಕೆಯಿಂದ, "ಫಾದರ್, ಮತ್ತೆ ಅದೇ" ಅಂದೆ. "ಹೊಸದು ಹುಡುಕಿಕೊಂಡು ಬಾ ಅಂತ ನಾನೇನಾದರೂ ಹೇಳಿದ್ನಾ?" ಅಂದರು ಅವರು.

ಒಂದು ಎಚ್ಚರಿಕೆ. ಕುಡಿತ, ದುಡ್ಡು ಕಟ್ಟುವ ಆಟ, ಬಿಡಲಾಗದ ಫೋನ್ ಚಟ ನಿಮ್ಮನ್ನು ಕೆಲಸ, ಮನೆ, ನಿದ್ದೆ ಬಿಡಿಸುವಷ್ಟು ಬೆಳೆದಿದ್ದರೆ ಚೆಕ್‌ರೋಲ್ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಚಟಕ್ಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಕ್ಲಿನಿಕ್ ಇದೆ. ಡಾಕ್ಟರ್ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಅರ್ಥ ಅಲ್ಲ. ಹಾಗೆ ಹೇಳುವವರು ತಮ್ಮ ಹಲ್ಲುನೋವಿಗೆ ಎಲ್ಲಿಗೆ ಹೋಗುತ್ತಾರೆ ಕೇಳಿ ನೋಡಿ.

ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮನಿಂದ ಉಂಟಾಗುವ ಫಲಗಳ ಪಟ್ಟಿ ಇದೆ. ನಮ್ಮನ್ನು ನಾವೇ ಹಿಡಿತದಲ್ಲಿ ಇಟ್ಟುಕೊಳ್ಳುವುದು ಅದರಲ್ಲಿ ಕೊನೆಯದು. ಕಣದಲ್ಲಿ ಹರಡಿದ ಕಾಫಿ ಚೆರ್ರಿ ಒಣಗಿದೆಯಾ ಅಂತ ನೋಡಲು ನಾವು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಗಲಗಲ ಅಂದರೆ ಆಯಿತು. ಇಲ್ಲದಿದ್ದರೆ ಮತ್ತೆ ಹರಡಿ, ಕಾಲಲ್ಲಿ ಗೀರಿ, ಇನ್ನೊಂದು ದಿನ ಬಿಸಿಲು. ಒಂದು ವರ್ಷ ನಾನು ಆತುರಕ್ಕೆ ಬಿದ್ದು ಹಸಿ ಇದ್ದಾಗಲೇ ಆರು ಮೂಟೆ ತುಂಬಿಸಿದ್ದೆ. ಬೂಷ್ಟು ಬಂದು, ಬಾಯಿ ಬಿಚ್ಚಿದರೆ ಹತ್ತಿರ ನಿಲ್ಲಲು ಆಗುತ್ತಿರಲಿಲ್ಲ. ಈಗ ತಿಂಗಳ ಕೊನೆಗೆ ಆ ಹಾಳೆಯ ಚುಕ್ಕಿ ಎಣಿಸುವಾಗ ನನಗೆ ಆ ಮೂಟೆಗಳೇ ನೆನಪಾಗುತ್ತವೆ. ಹೋದ ತಿಂಗಳು ಹನ್ನೊಂದು ಚುಕ್ಕಿ. ಮೊದಲ ತಿಂಗಳು ನಲವತ್ತಮೂರು ಇತ್ತು. ಇನ್ನೂ ಗಲಗಲ ಅನ್ನುತ್ತಿಲ್ಲ.

ಆ ಬಿಳಿ ಶೂ ಏನಾಯಿತು ಅಂತ ಕೇಳುವವರಿಗೆ: ಅದು ನನಗೆ ಒಂದು ಸೈಜ್ ಚಿಕ್ಕದಾಗಿತ್ತು. ವಾಪಸ್ ಮಾಡುವ ಗಡುವು ಕೆಲಸದ ಗಡಿಬಿಡಿಯಲ್ಲಿ ಮುಗಿದುಹೋಯಿತು. ಈಗ ನನ್ನ ತಮ್ಮ ಹಾಕಿಕೊಳ್ಳುತ್ತಾನೆ. ಅವನಿಗೂ ಸ್ವಲ್ಪ ಬಿಗಿ.